ತಣ್ಣೀರ ಚಟ್ಟಿ

ಚಿಕ್ಕನಿಂಗಮ್ಮ ಚಮಚ ಹಿಡಿದು ಉಣ್ಣಲು ಶುರುಮಾಡಿ ಬಹಳ ಕಾಲವಾಗಿತ್ತು. ಕೊಳ್ಳೇಗಾಲದ ಅವರ ಬೀದಿಯಲ್ಲಿ ಚಮಚದಲ್ಲಿ ಮುದ್ದೆ ಮುರಿಯುವ ಹೆಂಗಸು ಇನ್ನೊಬ್ಬಳಿರಲಿಲ್ಲ. ಎದುರುಮನೆಯವರು 'ಕಲೆಕ್ಟ್ರಮ್ಮ ಊಟಕ್ಕೆ ಕೂತವ್ರೆ' ಎಂದು ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಕಾರಣ ಯಾರಿಗೂ ಗೊತ್ತಿಲ್ಲದ್ದೇನಲ್ಲ. ಅವಳು ರೇಷ್ಮೆ ನೂಲು ಬಿಚ್ಚುವ ಶೆಡ್ಡಿನಲ್ಲಿ ಕೆಲಸಕ್ಕಿದ್ದಳು. ಬೇಸಿನ್ನಿನ ಬಿಸಿನೀರಲ್ಲಿ ತೇಲುವ ಗೂಡುಗಳನ್ನು ಬೆರಳಿಂದ ತಡಕಬೇಕು, ಕೂದಲಿಗಿಂತ ಸಣ್ಣ ಎಳೆಯ ತುದಿ ಹುಡುಕಬೇಕು, ಹುಡುಕಿ ಮೇಲೆ ತಿರುಗುವ ರಾಟೆಗೆ ಕೊಡಬೇಕು. ಬೆಳಗಿಂದ ಸಂಜೆವರೆಗೆ ಅದೇ. ಬೆರಳ ತುದಿ ಬೆಂದು ಬಿಳಿಚಿ ಸೀಳು ಬಿಟ್ಟಿತ್ತು. ಸಾರಿನ ಖಾರ ಸೋಕಿದರೆ ಕಣ್ಣಲ್ಲಿ ನೀರು. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಮಿಷನ್ನೂ ಅವಳನ್ನು ಗುರುತು ಹಿಡಿಯುವುದನ್ನು ಬಿಟ್ಟಿತ್ತು. ಆ ಕೈಯಿಂದ ಹೊರಟ ನೂಲಿನ ಸೀರೆಗಳು ಮದುವೆಮನೆಗಳಲ್ಲಿ ಮಿರಿಮಿರಿ ಮಿಂಚುತ್ತಿದ್ದವು. ಸೀರೆಯ ನುಣುಪನ್ನು ಹೊಗಳಿದವರು ಬಹಳ ಮಂದಿ. ಕೈಯ ಬಗ್ಗೆ ಕೇಳಿದವರು ರೇಷನ್ ಅಂಗಡಿಯವನೊಬ್ಬನೇ, ಅವನೂ ಬೈದು ಕೇಳಿದ್ದು.

ಆ ಶೆಡ್ಡಿನಲ್ಲಿ ಕೈಗೆ ಇದ್ದ ಒಂದೇ ಒಂದು ದಯೆಯೆಂದರೆ ಚಟ್ಟಿ. ಪ್ರತಿ ಬೇಸಿನ್ನಿನ ಬಲಗಡೆ, ಸಿಮೆಂಟಿನ ಕಟ್ಟೆ ಮೇಲೆ, ಮಣ್ಣಿನದೊಂದು ಚಟ್ಟಿಯಲ್ಲಿ ತಣ್ಣೀರು. ಬಿಸಿನೀರಿಂದ ತೆಗೆದ ಕೈಯನ್ನು ಅದರಲ್ಲಿ ಅದ್ದಬೇಕು, ಮತ್ತೆ ಬಿಸಿನೀರಿಗೆ ಹಾಕಬೇಕು. ಚಟ್ಟಿ ಇಡುವ ಪದ್ಧತಿ ಮಾಡಿದವರು ಯಾರೋ ಗೊತ್ತಿಲ್ಲ. ಒಡೆದರೆ ಹೆಂಗಸರೇ ಸಂತೆಯಿಂದ ತಂದಿಡುತ್ತಿದ್ದರು. ಅದಕ್ಕೊಂದು ರಜೆಯೂ ಬೇಡ, ಅರ್ಜಿಯೂ ಬೇಡ. ಉಸಿರಾಡುವಷ್ಟು ಹೊತ್ತಿನ ಬಿಡುವು, ಅಷ್ಟೇ.

ಗಂಡ ಶಾಂತರಾಜು ಮೋಟಾರ್ ವೈಂಡಿಂಗ್ ಅಂಗಡಿಯವನು. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಜೀವ ಬರಿಸುವುದು ಅವನ ಕಸುಬು. ಒಂದು ಸಲ ಮೈಸೂರಿನ ಹೊರಗಿನ ಬಲೂನು ಮಾಡುವ ಶೆಡ್ಡಿಗೆ ಮೋಟಾರು ರಿಪೇರಿಗೆ ಹೋದವನು ಅಲ್ಲೇ ನಿಂತುಬಿಟ್ಟ. ಗಾಜಿನ ಅಚ್ಚುಗಳನ್ನು ಸಾಲಾಗಿ ಬಿಳಿ ಹಾಲಿನಂಥದರಲ್ಲಿ ಅದ್ದಿ ಎತ್ತುತ್ತಿದ್ದರು. ಒಣಗಿದ ಮೇಲೆ ಸುಲಿದರೆ ಬಲೂನು.

"ಇದೇನ್ ಸಾ, ಹಾಲು?"

"ರಬ್ಬರ್ ಹಾಲು. ಹದ ಮಾಡಿ ಕಳಿಸ್ತಾರೆ. ಅಚ್ಚು ಹೆಂಗಿರ್ತದೋ ಮಾಲು ಹಂಗೆ."

ಬಸ್ಸಿನಲ್ಲಿ ಬರುವಾಗ ಶಾಂತರಾಜುವಿನ ತೊಡೆಯ ಮೇಲೆ ಒಂದು ಕ್ಯಾನು ಇತ್ತು. ಅದರ ಗಬ್ಬಿಗೆ ಪಕ್ಕದವನು ಎದ್ದು ಹೋಗಿ ನಿಂತುಕೊಂಡ.

ನೂಲಿನ ಶೆಡ್ಡಿಗೆ ಗ್ಲೌಸು ಹೊಸದಲ್ಲ. ಹಿಂದೊಮ್ಮೆ ಚೆಲುವಮ್ಮ, ಶೆಡ್ಡಿನ ಎಲ್ಲರಿಗಿಂತ ಹಿರಿಯ ಹೆಂಗಸು, ಪಾತ್ರೆ ತೊಳೆಯುವ ಗ್ಲೌಸು ತೊಟ್ಟು ಕೂತಿದ್ದಳು. ದಪ್ಪ ರಬ್ಬರಿನೊಳಗೆ ಎಳೆಯ ತುದಿ ಬೆರಳಿಗೆ ತಿಳಿಯಲೇ ಇಲ್ಲ. ಮಾಲೀಕ ಮಲ್ಲಿಕಾರ್ಜುನಸ್ವಾಮಿ ಬಂದು ನೋಡಿ, "ಏನಮ್ಮೋ, ಆಪ್ರೇಷನ್ ಮಾಡಕ್ಕೆ ಕೂತಿದ್ದೀಯಾ?" ಎಂದಿದ್ದ. ನಕ್ಕವರಲ್ಲಿ ಚೆಲುವಮ್ಮನೂ ಇದ್ದಳು. "ನಮ್ಮಪ್ಪನ ಕಾಲ್ದಲ್ಲಿ ನಾನೂ ಬೇಸಿನ್ ಮುಂದೆ ಕೂತೋನೇ ಕಣ್ರಮ್ಮ. ಬರಿಗೈಯೇ ಸರಿ," ಎಂಬುದು ಅವನ ಮಾತು. ಕೂತದ್ದು ನಿಜ. ಎದ್ದದ್ದೂ ನಿಜ.

ಆದ್ದರಿಂದ ಬೇಕಾದದ್ದು ಚರ್ಮದಷ್ಟು ತೆಳುವಾದ ಗ್ಲೌಸು, ಮೊಣಕೈವರೆಗೆ ಬರುವಂಥದ್ದು. ಶಾಂತರಾಜು ಮನೆ ಹಿಂದಿನ ಸೌದೆ ಕೋಣೆ ಖಾಲಿ ಮಾಡಿದ. ಹಳೇ ಬಟ್ಟೆ ಬೀರುವಿನ ಒಳಗೋಡೆಗೆ ತಗಡು ಬಡಿದು, ಕೆಳಗೆ ಬಲ್ಬುಗಳನ್ನು ಕೂರಿಸಿ, ಇಸ್ತ್ರಿಪೆಟ್ಟಿಗೆಯಿಂದ ಕಿತ್ತ ಥರ್ಮೋಸ್ಟಾಟನ್ನು ಸಿಕ್ಕಿಸಿದ. ಅದೇ ಒಣಗಿಸುವ ಪೆಟ್ಟಿಗೆಯಾಯಿತು. ಅದ್ದಲು ಉದ್ದನೆಯ ಪ್ಲಾಸ್ಟಿಕ್ ಡಬ್ಬ. ಅಚ್ಚನ್ನು ದಡಕ್ಕನೆ ಇಳಿಸಿದರೆ ಗಾಳಿಗುಳ್ಳೆ ಹಿಡಿದು ತೂತಾಗುತ್ತದೆಂದು ಬಲೂನಿನವರು ಹೇಳಿದ್ದರು. ಅದಕ್ಕೆ ತನ್ನ ತಂತಿ ಸುತ್ತುವ ಮಿಷನ್ನಿನ ಹಿಡಿಯನ್ನೇ ಬಿಚ್ಚಿ, ಸೈಕಲ್ ಚೈನು ಹಾಕಿ, ಬಾವಿಯ ರಾಟೆಯೊಂದನ್ನು ತೊಲೆಗೆ ನೇತುಹಾಕಿದ. ಹಿಡಿ ತಿರುಗಿಸಿದರೆ ಅಚ್ಚು ಹೊತ್ತ ಹಲಗೆ ಇರುವೆ ನಡೆದಂತೆ ಕೆಳಗಿಳಿಯುತ್ತಿತ್ತು.

ಮೊದಲ ದಿನವೇ ಹಾಲು ಒಡೆಯಿತು. ಗಟ್ಟಿಯಾಯಿತೆಂದು ಬೋರ್‌ವೆಲ್ ನೀರು ಬೆರೆಸಿದ್ದ. ಆ ಸುಣ್ಣದ ನೀರಿಗೆ ಹಾಲೆಲ್ಲ ಹೆಪ್ಪುಗಟ್ಟಿ ಮುದ್ದೆಯಾಯಿತು.

"ಮೊಸರು ಚೆನ್ನಾಗಿ ಕೂತದೆ. ಮಜ್ಜಿಗೆ ಮಾಡ್ಲಾ?" ಎಂದಳು ಚಿಕ್ಕನಿಂಗಮ್ಮ.

"ನಗು ನಗು. ನಿನ್ ಕೈಗೇ ಕಣ್ಮಿ ಇದು."

ಎರಡನೆಯ ಸಲಕ್ಕೆ ಬ್ಯಾಟರಿಗೆ ಹಾಕುವ ಶುದ್ಧನೀರು ಬೆರೆಸಿದ, ಹಾಲು ನಿಂತಿತು.

ಅಚ್ಚಿಗೆ ಅವಳ ಕೈಯೇ ಬೇಕಿತ್ತು. ಕುಂಬಾರಬೀದಿಯಿಂದ ತಂದ ಹಸಿ ಜೇಡಿಮಣ್ಣಿನಲ್ಲಿ ಅವಳ ಕೈಯನ್ನು ಮೊಣಕೈವರೆಗೆ ಒತ್ತಿ ಇಟ್ಟು, ಮೇಲೆ ಇನ್ನೊಂದು ಪದರ ಮುಚ್ಚಿ, ಕೈ ಬಿಡಿಸಿ ತೆಗೆದು, ಆ ಪೊಳ್ಳಿಗೆ ಪ್ಲಾಸ್ಟರ್ ಹುಯ್ದ. ಮಣ್ಣಿನ ತಂಪಿಗೆ ಅವಳು ಕಣ್ಣು ಮುಚ್ಚಿದ್ದಳು. "ಇಂಗೇ ಇರ್ಲಿ ಬುಡು ವಸಿ ಹೊತ್ತು" ಎಂದಳು.

ಮಣ್ಣು ಒಡೆದು ತೆಗೆದ ಪ್ಲಾಸ್ಟರ್ ಕೈಯನ್ನು ಶಾಂತರಾಜು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಜೊತೆಯಲ್ಲಿ ಮಲಗುವ ಹೆಂಡತಿಯ ಕೈಯನ್ನು ಅವನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಪ್ಲಾಸ್ಟರು ಏನನ್ನೂ ಬಿಟ್ಟಿರಲಿಲ್ಲ. ಬೆರಳುಗಳ ಸೀಳು, ಉಗುರ ಬುಡದ ಕೀವುಗಟ್ಟಿದ ಗುಳಿ, ಅಂಗೈಯ ಬಿರುಕು, ಎಲ್ಲ ಬೆಳ್ಳಗೆ ಎದ್ದು ಕೂತಿದ್ದವು. ಹಾಗೇ ಬಿಡುವಂತಿರಲಿಲ್ಲ, ಸೀಳಿದ್ದ ಕಡೆ ರಬ್ಬರು ಏರುಪೇರಾಗಿ ಹರಿಯುತ್ತದೆ. ಗಾಯಗಳನ್ನು ಒಂದೊಂದಾಗಿ ಪ್ಲಾಸ್ಟರಿಂದ ಮೆತ್ತಿ, ಉಪ್ಪುಕಾಗದ ಹಿಡಿದು ಉಜ್ಜಿ ನಯ ಮಾಡಿದ. ಮೇಲೆ ಮೋಟಾರಿಗೆ ಬಳಿಯುವ ವಾರ್ನಿಷ್ ಬಳಿದ.

ಅವಳು ಬಂದು ನೋಡಿದಳು. "ಯಾವ ಸಾವ್ಕಾರ್ತಿ ಕೈ ಇದು?"

"ನಿಂದೇಯ."

"ನಂದಲ್ಲ ಬುಡು. ನಂದಾಗಿದ್ರೆ ಉಂಗುರ ಕೇಳ್ತಿದ್ದೆ."

ಮೊದಲ ಗ್ಲೌಸು ಸುಲಿದು ಬಂತು, ಈರುಳ್ಳಿ ಸಿಪ್ಪೆಯಂತೆ. ಆದರೆ ಶೆಡ್ಡಿನಲ್ಲಿ ಕೆಲಸಕ್ಕೆ ಬರಲಿಲ್ಲ. ಮಣ್ಣಿನಲ್ಲಿ ಬೆರಳನ್ನು ನೆಟ್ಟಗೆ ಚಾಚಿಸಿದ್ದ, ಎಳೆ ಹಿಡಿಯುವ ಬೆರಳು ನೆಟ್ಟಗಿರುವುದಿಲ್ಲ. ತುದಿ ಮಡಚಿದಲ್ಲಿ ರಬ್ಬರು ನೆರಿಗೆ ಬಿದ್ದು ಎಳೆ ನೆರಿಗೆಯೊಳಗೆ ಕಳೆದುಹೋಗುತ್ತಿತ್ತು. ಮತ್ತೆ ಮಣ್ಣು ಕಲಸಿದರು. ಈ ಸಲ ಅವಳು ಕಣ್ಣಿಗೆ ಕಾಣದ ಎಳೆಯೊಂದನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದಂತೆ ಕೈ ಇಟ್ಟಳು. ಆ ಅಚ್ಚಿನ ಗ್ಲೌಸಿಗೆ ಎಳೆ ಸಿಕ್ಕಿತು.

ನೀರಿನ ಬಿಸಿ ಗ್ಲೌಸಿನೊಳಗೂ ಇಳಿಯುತ್ತಿತ್ತು, ಸುಳ್ಳು ಹೇಳಬಾರದು. ಆದರೆ ಗ್ಲೌಸು ತೊಟ್ಟ ಕೈಯನ್ನೇ ಚಟ್ಟಿಯಲ್ಲಿ ಅದ್ದಿದರೆ ಆರುತ್ತಿತ್ತು. ನೆನೆದು ನೆನೆದು ಚರ್ಮ ಬಿರಿಯುವುದು ನಿಂತಿತು. ಒಂದು ದಿನ ಚಿಕ್ಕನಿಂಗಮ್ಮ ಚಮಚ ಬದಿಗಿಟ್ಟು ಕೈಯಿಂದ ಮುದ್ದೆ ಮುರಿದಳು, ಸಾರಿಗೆ ಅದ್ದಿದಳು, ಉಂಡಳು. ಶಾಂತರಾಜು ಇನ್ನೊಂದು ಸೌಟು ಸಾರು ಬಿಟ್ಟ.

ಗ್ಲೌಸಿನ ಸುದ್ದಿ ಮಲ್ಲಿಕಾರ್ಜುನಸ್ವಾಮಿಗೆ ಮುಟ್ಟಿತು. ಈ ಸಲ ನಗಲಿಲ್ಲ. ಶಾಂತರಾಜುವನ್ನು ಕರೆಸಿ ಕುರ್ಚಿ ಕೊಟ್ಟ. "ಎಲ್ಲಾ ಹೆಂಗಸ್ರಿಗೂ ಮಾಡ್ಕೊಡು ಶಾಂತ. ಸೋಮವಾರದೊಳ್ಗೆ ಬೇಕು. ನಮ್ ಹೆಣ್ಮಕ್ಳ ಕೈ ಚೆನ್ನಾಗಿರ್ಲಿ ಅಂತ ನಂಗೂ ಅದೆ."

ಶಾಂತರಾಜುವಿಗೆ ಹೆಮ್ಮೆಯಾಯಿತು. ದೊಡ್ಡ ಕೈ, ಸಣ್ಣ ಕೈಗಳಿಗೆ ಅಚ್ಚು ಮಾಡಿದ. ಬೀರುವಿನ ಬಲ್ಬುಗಳು ಹಗಲೆಲ್ಲ ಉರಿದವು. ಅವಸರದಲ್ಲಿ ಹಿಡಿ ವಸಿ ಜೋರಾಗಿಯೇ ತಿರುಗಿತು.

ಸೋಮವಾರ ಎಲ್ಲರ ಕೈಗೂ ಗ್ಲೌಸು ಬಂದವು. ಮಂಗಳವಾರ ಹೆಂಗಸರು ಶೆಡ್ಡಿಗೆ ಬಂದಾಗ ಕಟ್ಟೆಯ ಮೇಲೆ ಚಟ್ಟಿಗಳಿರಲಿಲ್ಲ. ಅವು ಇದ್ದ ಜಾಗದಲ್ಲಿ, ಸಿಮೆಂಟಿನ ಮೇಲೆ, ಸಾಲಾಗಿ ದುಂಡನೆಯ ಕಲೆಗಳಿದ್ದವು.

"ಗ್ಲೌಸ್ ಬಂದ್ಮೇಲೆ ಚಟ್ಟಿ ಯಾಕ್ರಮ್ಮ?" ಎಂದ ಮಾಲೀಕ. "ಅದ್ದದು, ತೆಗೆಯೋದು, ಅದ್ದದು, ತೆಗೆಯೋದು. ದಿನದಲ್ಲಿ ಅರ್ಧ ಅದ್ರಲ್ಲೇ ಓಗ್ತದೆ." ಬೇಸಿನ್ನುಗಳಿಗೆ ಬಾಯ್ಲರಿನ ಆವಿ ಬಿಡುವ ವಾಲ್ವನ್ನೂ ಇನ್ನೊಂದು ಸುತ್ತು ತೆರೆಸಿದ. ನೀರು ಬಿಸಿಯಾದಷ್ಟೂ ಗೂಡು ಬೇಗ ಬಿಚ್ಚಿಕೊಳ್ಳುತ್ತದೆ. ಕೈಗೆ ಹೇಗೂ ಗ್ಲೌಸಿದೆಯಲ್ಲ.

ಕೈ ಕಾಯಲೆಂದು ಮಾಡಿದ ಗ್ಲೌಸು ಹೀಗೆ ಮಾಲೀಕನ ಲಾಭ ಕಾಯಲು ನಿಂತಿತು. ಸಭೆ ಸೇರಿಸಿ ತೀರ್ಮಾನ ಮಾಡಿದ್ದೇನಲ್ಲ, ಒಂದು ವಾಲ್ವು ತಿರುಗಿತ್ತು, ಕೆಲವು ಚಟ್ಟಿಗಳು ಗೋಡೌನಿಗೆ ಹೋಗಿದ್ದವು, ಅಷ್ಟೇ.

ಗುರುವಾರ ರಾಣಿಯ ಕೈ ಬೆಂದಿತು. ರಾಣಿ ಪಾಲಾರ್ ಕಡೆಯಿಂದ ಸೊಸೆಯಾಗಿ ಬಂದವಳು, ಇನ್ನೂ ಎಳೆಯ ವಯಸ್ಸು. ಅವಳ ಗ್ಲೌಸಿನ ತೋರುಬೆರಳಲ್ಲಿ ಸೂಜಿಮೊನೆಯಷ್ಟು ತೂತಿತ್ತು. ಕುದಿನೀರು ಒಳಗೆ ತುಂಬಿಕೊಂಡು ಅಲ್ಲೇ ನಿಂತಿತು. ಬರಿಗೈಯಾಗಿದ್ದರೆ ನೀರು ಜಾರಿಹೋಗುತ್ತಿತ್ತು. ಅವಳು ಕೈ ತೆಗೆದವಳೇ ಬಲಕ್ಕೆ ಚಾಚಿದಳು, ಅಲ್ಲಿ ಚಟ್ಟಿ ಇರಲಿಲ್ಲ. ಗ್ಲೌಸು ಸುಲಿಯುವಾಗ ಚರ್ಮವೂ ಜೊತೆಯಲ್ಲೇ ಬಂತು.

ಸಂಜೆ ಶಾಂತರಾಜು ಆಸ್ಪತ್ರೆಗೆ ಹೋಗಿ ನೋಡಿ ಬಂದ. "ಪರವಾಯಿಲ್ಲಣ್ಣ," ಎಂದಿದ್ದಳು ರಾಣಿ, ಬಟ್ಟೆ ಸುತ್ತಿದ ಕೈಯನ್ನು ಎದೆಗೆ ಆನಿಸಿಕೊಂಡು. ಆ ಮಾತು ಅವನ ಹಿಂದೆಯೇ ಮನೆಗೆ ಬಂತು. ಸೌದೆ ಕೋಣೆಗೆ ಹೋಗಿ ಅಚ್ಚುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಸುತ್ತಿಗೆ ಎತ್ತಿಕೊಂಡ.

ಬಾಗಿಲಲ್ಲಿ ಚಿಕ್ಕನಿಂಗಮ್ಮ ನಿಂತಿದ್ದಳು. "ಯಾಕೆ?"

"ತೂತು ನಂದು ಕಣ್ಮಿ. ಹಿಡಿ ಜೋರಾಗಿ ತಿರುಗ್ಸಿದ್ದು ನಾನು."

"ಸರಿ. ತೂತು ನಿಂದು. ಚಟ್ಟಿ ತಗ್ಸಿದ್ದು ಯಾರು?"

ಅವನು ಚೀಲದ ಕಡೆ ನೋಡಿದ.

"ಒಡ್ಯದಾದ್ರೆ ನನ್ ಕೈ ಬುಟ್ಟು ಮಿಕ್ಕಿದ್ದ ಒಡಿ. ಈ ಕೈಗೆ ನಾಳೆ ಕೆಲ್ಸ ಅದೆ," ಎಂದು ಅವಳು ಚೀಲದಿಂದ ತನ್ನ ಪ್ಲಾಸ್ಟರ್ ಕೈಯನ್ನು ಎಳೆದುಕೊಂಡು ಒಳಗೆ ಹೋದಳು. ಅದನ್ನಿಟ್ಟು ಬಂದು ಚೆಲುವಮ್ಮನ ಮನೆ ಕಡೆ ನಡೆದಳು. ಆಮೇಲೆ ಇನ್ನೂ ಕೆಲವು ಮನೆಗಳಿಗೆ.

ಅವನು ಸುತ್ತಿಗೆ ಇಟ್ಟ. ಬೀದಿಯ ನಲ್ಲಿಯ ಹತ್ತಿರ ಬಕೆಟ್ಟಿಟ್ಟುಕೊಂಡು ಕೂತು, ಮಾಡಿಟ್ಟಿದ್ದ ಗ್ಲೌಸುಗಳನ್ನೆಲ್ಲ ಬಲೂನಿನಂತೆ ಊದಿ ನೀರಲ್ಲಿ ಮುಳುಗಿಸಿದ. ಗುಳ್ಳೆ ಬಿಟ್ಟವನ್ನು ಕತ್ತರಿಸಿ ಎಸೆದ. ಉಳಿದವು ಹನೂರು, ಯಳಂದೂರಿನಲ್ಲಿದ್ದ ತನ್ನ ನೆಂಟರ ಶೆಡ್ಡುಗಳಿಗೂ ಬೇಕೆಂದು ಮಾಲೀಕ ಹೇಳಿ ಮಾಡಿಸಿದ್ದವು. ಅವನ್ನು ಇನ್ನೊಂದು ಚೀಲಕ್ಕೆ ತುಂಬಿದ.

ಬೆಳಿಗ್ಗೆ ಆ ಚೀಲ ಹೊತ್ತು ಶೆಡ್ಡಿಗೆ ಹೋದಾಗ ಬೇಸಿನ್ನುಗಳಲ್ಲಿ ಗೂಡು ಬೇಯುತ್ತಿತ್ತು. ಹುಳದ ವಾಸನೆ, ಆವಿ. ಹೆಂಗಸರು ತಮ್ಮ ತಮ್ಮ ಜಾಗದಲ್ಲೇ ಕೂತಿದ್ದರು, ಗ್ಲೌಸು ತೊಟ್ಟೇ ಕೂತಿದ್ದರು. ಕೈಗಳು ಮಾತ್ರ ಮಡಿಲಲ್ಲಿದ್ದವು. ರಾಟೆಗಳು ಬರಿದೇ ತಿರುಗುತ್ತಿದ್ದವು.

ಮಲ್ಲಿಕಾರ್ಜುನಸ್ವಾಮಿ ಸಾಲಿನ ನಡುವೆ ಅತ್ತಿಂದಿತ್ತ ಓಡಾಡುತ್ತಿದ್ದ. ಬೆಂದ ಗೂಡು ಕಾಯುವುದಿಲ್ಲ. ಹದ ಮೀರಿದರೆ ನೂಲು ನೂಲಾಗಿ ಬಿಚ್ಚದೆ ಎಲ್ಲ ವೇಸ್ಟಿಗೆ ಹೋಗುತ್ತದೆ. ಅದು ಅವನಿಗೂ ಗೊತ್ತು, ಅವರಿಗೂ ಗೊತ್ತು.

"ಏನಾಗದೆ ನಿಮ್ಗೆ? ಚೆಲುವಮ್ಮ, ನೀನಾದ್ರೂ ಹೇಳು."

"ಏನಿಲ್ಲ ಬುದ್ಧಿ. ಚಟ್ಟಿ ಬಂದ್ರೆ ಕೈ ಆಕ್ತೀವಿ."

"ಗ್ಲೌಸಿಲ್ವಾ?"

"ಅವೆ. ರಾಣಿಗೂ ಇತ್ತು."

"ಒಂದು ಹುಡ್ಗಿ ಕೈ ಸುಟ್ಕೊಂಡ್ರೆ ಶೆಡ್ಡೇ ನಿಲ್ಬೇಕಾ? ಆಸ್ಪತ್ರೆ ಖರ್ಚು ನಾನು ನೋಡ್ತೀನಿ ಅಂದಿಲ್ವಾ? ನಾನು ಕೂರ್ದೇ ಇರೋ ಜಾಗನಾ ಇದು?" ಎಂದವನೇ ಶರಟಿನ ತೋಳು ಮಡಚಿದ. ರಾಣಿಯ ಖಾಲಿ ಬೇಸಿನ್ನಿನ ಮುಂದೆ ಕೂತ. ಶಾಂತರಾಜುವಿನ ಚೀಲದಿಂದ ಒಂದು ಗ್ಲೌಸು ಎಳೆದುಕೊಂಡ. ಹೆಂಗಸರ ಕೈಯಳತೆಯ ಆ ಗ್ಲೌಸಿಗೆ ಅವನ ಅಂಗೈ ಹೊಗಲೇ ಇಲ್ಲ. ಎಳೆದಾಡಿದ, ಬಿಸಾಡಿದ. ಬರಿಗೈಯನ್ನೇ ನೀರಿಗೆ ಹಾಕಿದ.

ಎಳೆಯ ತುದಿ ಅವನಿಗೆ ಸಿಕ್ಕಿತು. ಎತ್ತಿ ರಾಟೆಗೆ ಕೊಟ್ಟ. ಮತ್ತೊಮ್ಮೆ ಹಾಕಿದ. ಮೂರನೇ ಸಲಕ್ಕೆ ಕೈ ತಾನಾಗಿಯೇ ಬಲಕ್ಕೆ ಹೋಯಿತು. ಅವನು ಕಳಿಸಲಿಲ್ಲ, ಅದೇ ಹೋಯಿತು, ಅವರಪ್ಪನ ಕಾಲದ ದಾರಿ ಹಿಡಿದು. ಹೋಗಿ ಸಿಮೆಂಟಿನ ಮೇಲಿನ ದುಂಡನೆಯ ಕಲೆಯ ಮೇಲೆ, ಗಾಳಿಯಲ್ಲಿ, ನಿಂತುಕೊಂಡಿತು. ಬೆರಳ ತುದಿಯಿಂದ ಕುದಿನೀರು ತೊಟ್ಟಿಕ್ಕುತ್ತಿತ್ತು.

ಶೆಡ್ಡೆಲ್ಲ ಆ ಕೈಯನ್ನು ನೋಡಿತು.

"ಅಲ್ಲೇ ಇತ್ತು ಸಾ," ಎಂದಳು ಚಿಕ್ಕನಿಂಗಮ್ಮ.

ಅವನು ಕೈಯನ್ನು ಪಂಚೆಗೆ ಒರೆಸಿಕೊಂಡ. ಯಾರ ಮುಖವನ್ನೂ ನೋಡಲಿಲ್ಲ. ಗೋಡೌನಿನ ಬೀಗದಕೈಯನ್ನು ಚೆಲುವಮ್ಮನ ಕಟ್ಟೆಯ ಮೇಲಿಟ್ಟು, ವಾಲ್ವಿನ ಕಡೆ ಹೋದ. ಅಷ್ಟು ಹೊತ್ತಿಗೆ ಆ ಹೊತ್ತಿನ ಗೂಡೆಲ್ಲ ಕೆಟ್ಟಿತ್ತು. ಆ ನಷ್ಟವನ್ನು ಹೆಂಗಸರ ತಲೆಗೇ ಕಟ್ಟುವ ಲೆಕ್ಕ ಮುಂದೆ ಬಂದೇ ಬಂತು, ಆ ಜಗಳ ಬೇರೆ. ಸದ್ಯಕ್ಕೆ ಚಟ್ಟಿಗಳು ಬಂದವು. ಎರಡು ಒಡೆದಿದ್ದವು. ಉಳಿದವಕ್ಕೆ ನೀರು ತುಂಬಿದರು.

ಬಾಗಿಲ ಹತ್ತಿರ ಮಲ್ಲಿಕಾರ್ಜುನಸ್ವಾಮಿ ಶಾಂತರಾಜುವಿನ ಚೀಲಕ್ಕೆ ಕೈ ಚಾಚಿದ. "ಕೊಡು. ಹನೂರಿಂದ್ದು ಯಳಂದೂರಿಂದ್ದು ನಾನೇ ಕಳಿಸ್ತೀನಿ."

"ಅಲ್ಲಿ ಚಟ್ಟಿ ಅವೆಯಾ ಸಾ?"

ಮಾಲೀಕ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

"ನೋಡ್ಕಂಡು ಬತ್ತೀನಿ," ಎಂದು ಶಾಂತರಾಜು ಚೀಲವನ್ನು ಹೆಗಲಿಗೇರಿಸಿದ. ಬಸ್ ಸ್ಟ್ಯಾಂಡಿನಲ್ಲಿ ಹನೂರಿನ ಬಸ್ಸು ನಿಂತಿತ್ತು. ಸೀಟಿರಲಿಲ್ಲ. ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಕಂಬಿ ಹಿಡಿದು ನಿಂತ.