ಶುಕ್ರವಾರಕ್ಕೊಮ್ಮೆ ಸ್ಟಾರ್ಟ್ ಆಗುವ ಕಾರು

ವಾಮದಪದವಿನಿಂದ ಸ್ವಲ್ಪ ಒಳಗೆ, ಶಬ್ನಾಳ ಮನೆಯ ಪಕ್ಕದ ಶೀಟಿನಡಿಯಲ್ಲಿ ನಿಂತಿರುವ ಕೆಂಪು ಕಾರು ಎಲ್ಲಿಗೂ ಹೋಗುವುದಿಲ್ಲ. ಶಬ್ನಾಳಿಗೆ ಡ್ರೈವಿಂಗ್ ಬಾರದು. ಕಾರು ಕೊಂಡ ಗಂಡ ಉನೈಸ್ ಸೌದಿಯ ದಮಾಮಿನ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್. ಕಳೆದ ಸಲದ ರಜೆಯಲ್ಲಿ ಅದನ್ನು ಓಡಿಸಿ ಹೋದವನು ಆಮೇಲೆ ಬಂದಿಲ್ಲ.

ಆದರೂ ಶುಕ್ರವಾರಕ್ಕೊಮ್ಮೆ ಅದಕ್ಕೆ ಜೀವ ಬರುತ್ತದೆ. ಅಲ್ಲಿ ಜುಮಾ ನಮಾಜು ಮುಗಿದು, ಊಟವಾಗಿ, ರೂಮಿನವರೆಲ್ಲ ಮಲಗಿದ ಮೇಲೆ ಉನೈಸ್ ಫೋನು ಮಾಡುತ್ತಾನೆ. ಇಲ್ಲಿ ಆಗ ಸಂಜೆಯ ಚಹಾದ ಹೊತ್ತು. ಶಬ್ನಾ ಕೀ ತಿರುಗಿಸಿ, ಬಾನೆಟ್ ಎತ್ತಿ, ಫೋನನ್ನು ಇಂಜಿನಿನ ಹತ್ತಿರ ಹಿಡಿಯುತ್ತಾಳೆ. ಅವನು ಡಾಕ್ಟರರ ಹಾಗೆ ಕೇಳುತ್ತಾನೆ. "ಬೆಲ್ಟು ಸ್ವಲ್ಪ ಕಿರುಚ್ತಾ ಉಂಟಲ್ಲ." "ಏಸಿ ಹಾಕು ನೋಡುವ." ಹೀಗೇ ಮಾತು ಬೆಳೆಯುತ್ತದೆ. ಕಾರಿನದ್ದು ಮುಗಿದರೆ "ಮತ್ತೆ?" "ಎಂತ ಇಲ್ಲ." "ಊಟ?" "ಆಯ್ತು." ಅಲ್ಲಿಗೆ ಫೋನು ಕಟ್.

ಒಂದು ಶುಕ್ರವಾರ ಕೀ ತಿರುಗಿಸಿದರೆ ಬರೀ 'ಟಕ್' ಎಂದಿತು.

"ಲೈಟು ಚೆನ್ನಾಗಿ ಉರೀತದಾ? ಹಾಗಾದ್ರೆ ಬ್ಯಾಟರಿ ಅಲ್ಲ. ಸ್ಟಾರ್ಟರ್ ಮೋಟರು ಹೋಗಿದೆ," ಎಂದ ಉನೈಸ್, ಸಮುದ್ರದ ಆಚೆಯಿಂದ ಆ ಒಂದು ಟಕ್ಕನ್ನು ಕೇಳಿಯೇ. ಆಮೇಲೆ, "ಈ ವರ್ಷವೂ ರಜೆ ಇಲ್ಲ ಅಂದಿದ್ದಾರೆ ಶಬ್ನಾ. ಮಾರಿ ಬಿಡುವ. ಸುಮ್ಮನೆ ತುಕ್ಕು ಹಿಡೀತದೆ," ಎಂದ.

ರಜೆ ಇಲ್ಲದ್ದು ಅವಳಿಗೆ ಹೇಗೋ ಅಂದಾಜಾಗಿತ್ತು. ಆದರೆ ಕಾರೂ ಹೋದರೆ ಶುಕ್ರವಾರ ಮಾತಾಡುವುದೇನು?

"ಹಾಳಾದದ್ದನ್ನು ಯಾರು ತೆಗೊಳ್ತಾರೆ? ಮೊದಲು ಸರಿ ಮಾಡುವ. ನೀವು ಹೇಳಿ, ನಾನು ಮಾಡ್ತೇನೆ."

"ನೀನಾ? ಮಿಕ್ಸಿಯ ಜಾರು ಕೂರಿಸ್ಲಿಕ್ಕೆ ನನ್ನನ್ನು ಕರೀತಿದ್ದವಳು!"

"ಈಗ ಕರೆದ್ರೆ ಬರ್ಲಿಕ್ಕೆ ಯಾರಿದ್ದಾರೆ? ಎಲ್ಲ ನಾನೇ ಕೂರಿಸುವುದು."

ಅವನು ನಕ್ಕದ್ದು ಅಲ್ಲಿಗೇ ನಿಂತಿತು.

ಬಸ್ಸಿನಲ್ಲಿ ಹೋಗಿ ಗುರುವಾಯನಕೆರೆಯಿಂದ ಹೊಸ ಸ್ಟಾರ್ಟರ್ ತಂದಳು. ಅಂಗಡಿಯವ, "ಮೆಕ್ಯಾನಿಕ್ ಯಾರು?" ಎಂದು ಕೇಳಿದ್ದಕ್ಕೆ "ನಾನೇ" ಎಂದಳು. ಅವನು ಅವಳ ಮುಖ ನೋಡಿ, "ಕೆಳಗಿನ ಬೋಲ್ಟು ಬಿಗಿ ಇರ್ತದೆ ಅಕ್ಕ, ಹಿಂದಿನ ದಿನವೇ ಎಣ್ಣೆ ಬಿಟ್ಟಿಡಿ," ಎಂದ.

ಮುಂದಿನ ಶುಕ್ರವಾರ ಬಾನೆಟ್ ಎತ್ತಿ ನಿಂತವಳನ್ನು ಕಂಪೌಂಡಿನಾಚೆಯಿಂದ ಪ್ರೇಮಾವತಿ ಕಂಡಳು. "ಎಂತ ಇದು ಶಬ್ನಾ, ಗ್ಯಾರೇಜು ಹಾಕಿದ್ದೀಯಾ? ನಮ್ಮ ಸ್ಕೂಟರೂ ತರ್ಲಾ?"

"ತನ್ನಿ ಪ್ರೇಮಕ್ಕ. ವಾಪಸ್ ಹೋಗುವಾಗ ಮಾತ್ರ ನಡ್ಕೊಂಡು ಹೋಗ್ಬೇಕಾದೀತು."

ಪ್ರೇಮಾವತಿ ನಗುತ್ತಾ ಒಳಗೆ ಹೋದ ಮೇಲೆ ಅಂಗಳ ಮತ್ತೆ ಮೊದಲಿನ ಹಾಗಾಯಿತು. ಶಬ್ನಾ ಫೋನನ್ನು ಶಾಲಿನಿಂದ ಬಾನೆಟ್ಟಿನ ಕಂಬಿಗೆ ಕಟ್ಟಿದಳು. ವೀಡಿಯೋದಲ್ಲಿ ಉನೈಸನಿಗೆ ಇಂಜಿನ್ ಮತ್ತು ಅವಳ ಕೈಗಳು ಮಾತ್ರ ಕಾಣುತ್ತಿದ್ದವು.

"ಮೊದಲು ಬಳೆ ತೆಗೆದಿಡು. ವಯರಿಗೆ ತಾಗಿದ್ರೆ ಬೆಂಕಿ ಹಾರ್ತದೆ."

ಅವಳು ಕೈ ಇಳಿಬಿಟ್ಟು ಸ್ವಲ್ಪ ಅಲ್ಲಾಡಿಸಿದಳು. ಚಿನ್ನದ ಬಳೆ ತಾನೇ ಜಾರಿ ಬೆರಳಿಗೆ ಬಂತು.

"ಸೋಪು ಹಾಕ್ಲಿಲ್ಲವಲ್ಲ?" ಎಂದ ಉನೈಸ್.

"ಈಗ ಸೋಪು ಬೇಡ."

"ಮೊದಲು ಸೋಪು ಹಾಕಿದ್ರೂ ನೋವು ಅಂತ ಅಳ್ತಿದ್ದಿ."

"ಬಳೆ ದೊಡ್ಡದಾಗಿದೆ."

"ಬಳೆ ದೊಡ್ಡದಾಗ್ತದಾ ಶಬ್ನಾ?"

ಅವಳು ಸ್ಪ್ಯಾನರ್ ಕೈಗೆತ್ತಿಕೊಂಡಳು. "ಯಾವ ವಯರು ಮೊದಲು, ಹೇಳಿ."

"ಕಪ್ಪು," ಎಂದ ಅವನು. "ಯಾವಾಗಲೂ ಬ್ಯಾಟರಿಯ ಕಪ್ಪು ಮೊದಲು."

ಬ್ಯಾಟರಿಯ ವಯರು ಬಿಚ್ಚಿ ಪಕ್ಕಕ್ಕೆ ಸರಿಸಿದಳು. ಸ್ಟಾರ್ಟರಿನ ದಪ್ಪ ವಯರು ಬಂತು, ಮೇಲಿನ ಬೋಲ್ಟೂ ಬಂತು. ಕೆಳಗಿನದ್ದು ಅಲ್ಲಾಡಲಿಲ್ಲ. "ಕಾಲು ಗಟ್ಟಿ ಊರು. ಎಳೀಬೇಡ, ದೂಡು. ಬೆರಳು ಜೋಪಾನ," ಎಂದು ಅವನು ಹೇಳುತ್ತಲೇ ಇದ್ದ. ಇಷ್ಟು ಮಾತು ಕೇಳಿ ಎಷ್ಟು ಕಾಲವಾಗಿತ್ತೋ! ಬೋಲ್ಟು ಸಡಿಲಾದಾಗ ಇಬ್ಬರೂ ಒಟ್ಟಿಗೇ "ಹಾಂ!" ಎಂದರು. ಹಳೆಯದನ್ನು ಇಳಿಸಿ, ಹೊಸದನ್ನು ಕೂರಿಸಿ, ಬಿಗಿ ಮಾಡಿ, ಕೊನೆಗೆ ಆ ಕಪ್ಪು ವಯರು ಹಾಕಿದಳು. ಫೋನು ಬಿಚ್ಚಿಕೊಂಡು, ಬಾನೆಟ್ ಮುಚ್ಚಿ, ಸೀಟಿನಲ್ಲಿ ಕೂತು ಕೀ ತಿರುಗಿಸಿದಳು.

ಕಾರು ಒಂದೇ ಏಟಿಗೆ ಎದ್ದಿತು.

"ಶಾಭಾಸ್!" ಎಂದು ಉನೈಸ್ ಕೂಗಿದ. ರೂಮಿನಲ್ಲಿ ಯಾರೋ ಬೈದದ್ದು ಕೇಳಿಸಿತು. ಅವನು ದನಿ ಇಳಿಸಿದ. "ಇನ್ನು ತೊಂದರೆ ಇಲ್ಲ. ತೆಗೊಳ್ಳುವವರು ಬಂದಾರು. ಲೈಟು, ಹಾರನ್ನು, ವೈಪರ್ ಒಮ್ಮೆ ನೋಡಿಬಿಡು."

ಅವಳು ಲೈಟು ಹಾಕಿದಳು, ಹಾರನ್ ಒತ್ತಿದಳು. ವೈಪರ್ ಹಾಕಿದ್ದೇ ಧೂಳು ಹಿಡಿದ ಗಾಜಿನ ಮೇಲೆ ಅದು ಕಿರ್ರೆಂದು ಹೋಗಿ ಕಿರ್ರೆಂದು ಬಂತು.

"ವೈಪರ್ ನಡೀತಾ ಇಲ್ಲ," ಎಂದಳು ಶಬ್ನಾ.

ಹೇಳುವಾಗಲೂ ಅದು ಕಿರ್ರೆನ್ನುತ್ತಲೇ ಇತ್ತು. ಅವಸರದಲ್ಲಿ ನಿಲ್ಲಿಸಿದಳು.



"ನಡೀತಾ ಇಲ್ವಾ?" ಎಂದ ಉನೈಸ್, ಕೊನೆಗೆ.

"ಇಲ್ಲ."

"ಹಾಗಾದ್ರೆ ಮಾರ್ಲಿಕ್ಕೆ ಆಗ್ಲಿಕ್ಕಿಲ್ಲ. ಮುಂದಿನ ಶುಕ್ರವಾರ ಬಿಚ್ಚಿ ನೋಡುವ." ಒಂದು ಉಸಿರು ಬಿಟ್ಟು, "ದೊಡ್ಡ ಕೆಲಸ ಅದು. ಒಂದು ಶುಕ್ರವಾರದಲ್ಲಿ ಮುಗೀಲಿಕ್ಕಿಲ್ಲ," ಎಂದ. "ನೀನು ಸರಿ ಊಟ ಮಾಡು."

ಫೋನು ಕಪ್ಪಾಯಿತು. ವೈಪರ್ ಒರೆಸಿದ ಎರಡು ಅರೆವೃತ್ತಗಳಲ್ಲಿ ಖಾಲಿ ಅಂಗಳ ಸ್ಪಷ್ಟವಾಗಿ ಕಾಣುತ್ತಿತ್ತು. ಶಬ್ನಾ ಗ್ರೀಸಿನ ಕೈಗೆ ಬಳೆ ಹಾಕಿಕೊಂಡಳು. ಕೈ ಇಳಿಬಿಟ್ಟರೆ ಜಾರುತ್ತದೆಂದು, ನಿಂತ ಕಾರಿನಲ್ಲಿ ಸ್ಟಿಯರಿಂಗ್ ಹಿಡಿದುಕೊಂಡೇ ಕೂತಳು.