ಕಾರ್ಲೀನೆಯ ಕೈಗವಸು

ಗಾಜಿನ ಹಿಂದಿದ್ದ ಕೈಗವಸುಗಳ ಕೆಳಗಿನ ಚೀಟಿಯನ್ನು ವೆಲ್ತಾ ಮೂರು ಸಲ ಓದಿದಳು. ಹೆಣೆದವರು ಯಾರೆಂದು ತಿಳಿದಿಲ್ಲ ಎಂದು ಬರೆದಿತ್ತು.

ಹಳ್ಳಿಯ ಹಾಡಿನ ತಂಡದ ಹೆಂಗಸರ ಜೊತೆ ಬೆಳಿಗ್ಗೆ ಬಸ್ಸಿನಲ್ಲಿ ರೀಗಾಕ್ಕೆ ಬಂದಿದ್ದಳು. ದೊಡ್ಡ ಚರ್ಚು, ಹಳೇ ಪೇಟೆ ಎಲ್ಲ ಮುಗಿಸಿ ಕೊನೆಗೆ ಈ ಮ್ಯೂಸಿಯಂ. ಎಪ್ಪತ್ತೆರಡರ ವಯಸ್ಸಿನಲ್ಲಿ, ಬರೀ ನೋಡಲೆಂದು ರಾಜಧಾನಿಗೆ ಬಂದದ್ದು ಇದೇ ಮೊದಲು.

ಹೆಬ್ಬೆರಳಿನ ಬುಡದಲ್ಲಿ ಕೆಂಪು ನೂಲು ಒಂದು ಸುತ್ತು ಹಿಂದಕ್ಕೆ ತಿರುಗಿತ್ತು. ಅವಳ ತಾಯಿ ಕಾರ್ಲೀನೆ ಎಡಚಿ. ಅವಳ ಹೆಣಿಗೆ ಅಲ್ಲಿ ಹಾಗೇ ತಿರುಗುತ್ತಿತ್ತು. ಸಾವಿರದ ಒಂಬೈನೂರ ನಲವತ್ತೊಂಬತ್ತರಲ್ಲಿ ಸೈನಿಕರು ತಾಯಿಮಗಳನ್ನು ಸೈಬೀರಿಯಾದ ರೈಲಿಗೆ ಹತ್ತಿಸಿದಾಗ ಅಮ್ಮ ಹೆಣೆದ ಕೈಗವಸುಗಳಿದ್ದ ಮದುವೆಯ ಪೆಟ್ಟಿಗೆ ಮನೆಯಲ್ಲೇ ಉಳಿಯಿತು. ಮರಳಿ ಬಂದವಳು ವೆಲ್ತಾ ಒಬ್ಬಳೇ.

ಕೋಣೆಯ ಕಾವಲಿನ ಹೆಂಗಸು ವೆಲ್ತಾ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಚೀಟಿಯಲ್ಲಿ ಹೆಸರು ಹಾಕಬೇಕಾದರೆ ಅರ್ಜಿಯ ಜೊತೆ ದಾಖಲೆ ಕೊಡಿ ಅಂದಳು.

"ದಾಖಲೆ ಬರೆಯೋರೇ ಕಣಮ್ಮ ನಮ್ಮನ್ನ ರೈಲು ಹತ್ತಿಸಿದ್ದು."

ವೆಲ್ತಾ ಟಿಕೆಟ್ಟಿನ ಹಿಂದೆ ತಾಯಿಯ ಹೆಸರು ಬರೆದು, ಗಾಯಕ್ಕೆ ಹಚ್ಚುವ ಅಂಟುಪಟ್ಟಿಯಿಂದ ಗಾಜಿಗೆ ಅಂಟಿಸಿದಳು. ಕಾವಲಿನವಳು ಕಿತ್ತಳು. ವೆಲ್ತಾ ಮತ್ತೆ ಬರೆದು ಅಂಟಿಸಿದಳು. ಮೂರನೆಯ ಸಲ ಕಾವಲಿನವಳು ಅಧಿಕಾರಿಯನ್ನು ಕರೆತರಲು ಹೋದಳು.

ಗೆಳತಿ ಔಸ್ಮಾ ತೋಳು ಹಿಡಿದೆಳೆದಳು. "ಬಸ್ಸು ಹೊರಡ್ತದೆ, ಬಾರೇ. ಸತ್ತೋರು ಬಂದು ಚೀಟಿ ಓದ್ತಾರಾ?"

"ಬದುಕಿರೋರು ಓದಲಿ. ನೀವು ಹೊರಡಿ."

ಬಸ್ಸು ಹೊರಟುಹೋಯಿತು. ಅಧಿಕಾರಿ ಕನ್ನಡಕದ ತರುಣ, ಮರ್ಯಾದೆಯಿಂದಲೇ ಮಾತಾಡಿದ. ಅಂಥ ಸುತ್ತು ಯಾರು ಬೇಕಾದರೂ ಹಾಕಿರಬಹುದು, ಒಬ್ಬರ ಬಾಯಿಮಾತಿಗೆ ಚೀಟಿ ಬದಲಿಸಲಾಗದು ಅಂದ. ವೆಲ್ತಾ ಬೆಂಚಿನ ಮೇಲೆ ಕೂತು, ದಾರಿಗೆಂದು ತಂದಿದ್ದ ಅರ್ಧ ಹೆಣೆದ ಕೈಗವಸನ್ನು ಚೀಲದಿಂದ ತೆಗೆದಳು. ಹೆಣಿಗೆ ಕಲಿತದ್ದು ಸೈಬೀರಿಯಾದ ಬಿಡಾರದಲ್ಲಿ, ಅಮ್ಮನ ಎದುರು ಕೂತು, ಆ ಕೈಗಳನ್ನೇ ನೋಡುತ್ತ. ನೋಡಲು ಬಂದವರು ಅವಳ ಸುತ್ತ ನಿಂತರು. ಹೋಗಿದ್ದ ಅಧಿಕಾರಿ ಗಂಟೆಯ ನಂತರ ಮರಳಿದಾಗ ಹೆಬ್ಬೆರಳಿನ ಬುಡ ಮುಗಿದಿತ್ತು; ಅಲ್ಲೂ ನೂಲು ಒಂದು ಸುತ್ತು ಹಿಂದಕ್ಕೆ ತಿರುಗಿತ್ತು. ಅವನು ಅವಳ ಕೈಯನ್ನೊಮ್ಮೆ, ಗಾಜಿನೊಳಗೊಮ್ಮೆ ನೋಡಿದ. ಮಂಡಿಯೂರಿ ಮತ್ತೆ ನೋಡಿದ. ಆಮೇಲೆ ಬೀಗದ ಕೈ ತರಿಸಿ, ಚೀಟಿಯನ್ನು ಹೊರತೆಗೆದು, ಅವಳ ಪಕ್ಕ ಕೂತು ಪೆನ್ನು ತೆರೆದ.

"ಹೆಸರು ಹೇಳಿ ಅಜ್ಜಿ. ಅಕ್ಷರ ಬಿಡಿಸಿ ಹೇಳಿ."

ಐದು ಗಂಟೆಗೆ, ಮ್ಯೂಸಿಯಂ ಮುಚ್ಚುವ ಹೊತ್ತಿಗೆ, ಕಾವಲಿನವಳು ಒಂದೊಂದೇ ಕೋಣೆಯ ದೀಪ ಆರಿಸುತ್ತ ಬಂದಳು. ವೆಲ್ತಾ ಇನ್ನೂ ಹೇಳುತ್ತಿದ್ದುದನ್ನು ಕಂಡು, ಈ ಕೋಣೆಯ ಸ್ವಿಚ್ಚಿನ ಮೇಲಿಟ್ಟ ಕೈಯನ್ನು ಹಿಂದೆಗೆದು, ಕುರ್ಚಿ ಎಳೆದುಕೊಂಡು ಕೂತಳು.