ಹಬ್ಬದಂಗಳಕ್ಕೆ ಬಿಳಿ ಮರಳು

ಮೀನು ತೊಳೆದ ನೀರಿನ ವಾಸನೆ ಬಂದರೆ ಈಗಲೂ ನನಗೆ ಎಳೆ ಬೇವಿನ ಗಿಡಗಳು ನೆನಪಾಗುತ್ತವೆ. ಚಿನ್ನದ ಗಣಿಯ ಕೂಲಿಗಳಿಗೆಂದು ಕಟ್ಟಿದ ನಮ್ಮ ಲೈನ್ ಮನೆಗಳ ಹೆಂಗಸರು ಆ ನೀರನ್ನು ಮೋರಿಗೆ ಚೆಲ್ಲದೆ, ಸಂತ ಅಂತೋಣಿಯವರ ಇಗರ್ಜಿಯ ಬೇಲಿಯುದ್ದಕ್ಕೂ ನೆಟ್ಟ ಸಸಿಗಳಿಗೆ ಹೊತ್ತೊಯ್ದು ಹಾಕುತ್ತಿದ್ದರು. ಬೇಲಿಯಾಚೆ ಸಯನೈಡ್ ದಿಬ್ಬ, ಚಿನ್ನ ತೆಗೆದ ಮೇಲೆ ಉಳಿದ ಬಿಳಿ ಮರಳಿನ ಗುಡ್ಡ. ಗಾಳಿ ಎದ್ದರೆ ಅದರ ದೂಳೆಲ್ಲ ನಮ್ಮ ಮನೆಯೊಳಗೆ.

ದೇವರ ಸೃಷ್ಟಿಯನ್ನು ಕಾಯುವುದೂ ಪ್ರಾರ್ಥನೆಯೇ ಎಂದು ಹೇಳಿ ಪಾದ್ರಿಗಳು ಸಸಿ ಹಂಚಿದ್ದರು. ಅಮ್ಮನಿಗೆ ಅಷ್ಟು ದೊಡ್ಡ ಮಾತು ಬೇಕಿರಲಿಲ್ಲ. ಗಣಿಯಲ್ಲಿ ಕಲ್ಲು ಕೊರೆದು ಕೊರೆದು ಅಪ್ಪನ ಎದೆ ಕೆಟ್ಟಿತ್ತು. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದರು. ಗಿಡ ಬೆಳೆದರೆ ದೂಳು ನಿಲ್ಲುತ್ತದೆ, ದೂಳು ನಿಂತರೆ ಗಂಡ ಉಸಿರಾಡುತ್ತಾನೆ. ಅಂತೋಣಿಯವರಲ್ಲಿ ಅವಳು ಕೇಳಿಕೊಂಡದ್ದು ಇಷ್ಟೇ.

ಐವತ್ತೆಂಟರ ಜೂನ್ ಹೊತ್ತಿಗೆ ಸಸಿಗಳು ನನ್ನ ಭುಜ ಮುಟ್ಟಿದ್ದವು. ಹಬ್ಬಕ್ಕೆ ಒಂಬತ್ತು ದಿನ ಮೊದಲು, ಬಾವುಟ ಏರುವ ದಿನ, ಇಗರ್ಜಿಯ ಅಂಗಳಕ್ಕೆ ಹೊಸ ಮರಳು ಹರಡುವುದು ಪದ್ಧತಿ. ಬಂಗಾರಪೇಟೆಯಿಂದ ಬರಬೇಕಿದ್ದ ಮರಳಿನ ಗಾಡಿ ಬರಲಿಲ್ಲ. ಅಪ್ಪನ ಜೊತೆ ಗಣಿಗಿಳಿಯುತ್ತಿದ್ದ ಕುಪ್ಪುಸ್ವಾಮಿ, ಬೇರೆ ಧರ್ಮದವನಾದರೂ, ದಿಬ್ಬದಿಂದ ಮಂಕರಿ ಮಂಕರಿ ಹೊತ್ತು ತಂದು ಬೇಲಿಯವರೆಗೂ ಸುರಿದ.

"ಇನ್ನಾಸಣ್ಣಾ, ಒಗೆದ ಪಂಚೆ ಆಸ್ದಂಗೈತೆ ನೋಡು!" ಎಂದು ನಮ್ಮ ಕಿಟಕಿಯಲ್ಲಿದ್ದ ಅಪ್ಪನಿಗೆ ಕೂಗಿದ.

"ನಿನ್ ಪಂಚೆ... ಯಾವತ್ಲಾ ಅಷ್ಟ್ ಬೆಳ್ಳಗಿತ್ತು?" ಎಂದು ಅಪ್ಪ ಏದುಸಿರಲ್ಲೇ ನಕ್ಕರು.

ಮಾರನೆಯ ದಿನ ಮಳೆ ಬಂತು. ಮರಳಿನಿಂದ ಬಸಿದ ನೀರು ಗಿಡಗಳ ಪಾತಿಗಳಲ್ಲಿ ನಿಂತಿತು. ಹಬ್ಬದ ಬೆಳಗ್ಗೆ ಎಲೆಗಳೆಲ್ಲ ಸುಟ್ಟ ಬಣ್ಣಕ್ಕೆ ತಿರುಗಿದ್ದವು. ಅಮ್ಮ ಒಂದು ಕಡ್ಡಿ ಮುರಿದಳು. ಒಳಗೆ ಹಸಿರೇ ಇರಲಿಲ್ಲ. ಇನ್ನೊಂದು ಗಿಡ, ಮತ್ತೊಂದು ಗಿಡ. ಎಲ್ಲವೂ ಹಾಗೆಯೇ.

"ಇಸದ ಮರಳು ಕಣ್ಲಾ ಅದು! ಆವಯ್ಯನ ಉಸ್ರು ಇಲ್ಲಿತ್ತು ಕಣ್ಲಾ, ಈ ಗಿಡದಾಗಿತ್ತು!" ಎಂದು ಅಮ್ಮ ಕುಪ್ಪುಸ್ವಾಮಿಯ ಮೇಲೆ ಹರಿಹಾಯ್ದಳು.

"ಅಕ್ಕಾ... ಅಬ್ಬಕ್ಕೆ ಬೆಳ್ಳಗಿರ್ಲಿ ಅಂತ..." ಕುಪ್ಪುಸ್ವಾಮಿ ಬಗ್ಗಿ ಒಂದು ಗಿಡದ ಬುಡದ ಮರಳನ್ನು ಕೈಯಿಂದ ಸರಿಸತೊಡಗಿದ.

ಪೂಜೆ ಮುಗಿಯಿತು, ಬ್ಯಾಂಡ್ ಬಾರಿಸಿತು. ಮಧ್ಯಾಹ್ನ ಗಾಳಿ ಎದ್ದಿತು. ಅಮ್ಮ ಹಬ್ಬದೂಟದ ಎಲೆಯನ್ನು ಅಪ್ಪನಿಗೆಂದು ತಂದಳು. ಒಂದು ತುತ್ತು ಬಾಯಿಗಿಟ್ಟರೆ ಕೆಮ್ಮು ಅದನ್ನು ಹೊರಗೆಸೆಯಿತು. ಅವರ ತುಟಿ ನೀಲಿಯಾಗಿತ್ತು. ಎಲೆಯನ್ನು ದೂರ ಸರಿಸಿ ಅಪ್ಪ ಕಿಟಕಿಯತ್ತ ನೋಡಿದರು. ಬೇಲಿಯ ಹತ್ತಿರ ಕುಪ್ಪುಸ್ವಾಮಿ ಮೊಣಕಾಲೂರಿ, ಸತ್ತ ಗಿಡಗಳ ಬುಡದಿಂದ ಬರಿಗೈಯಲ್ಲಿ ಮರಳು ಬಾಚುತ್ತಿದ್ದ.

"ಕುಪ್ಪು ಉಂಡ್ನಾ?"

"ಉಣ್ದಿದ್ರೆ ಸಾಯ್ಲಿ."

"ಏಯ್... ಅಬ್ಬ ಕಣೇ."

ಅಮ್ಮ ಬಹಳ ಹೊತ್ತು ಅಪ್ಪನ ಬೆನ್ನು ನೀವುತ್ತ ಕೂತಿದ್ದಳು. ಆಮೇಲೆ ಎಲೆಯನ್ನೂ ಒಂದು ಚೊಂಬು ನೀರನ್ನೂ ಹಿಡಿದು ಹೊರಗೆ ಹೋದಳು. ನಾನು ಹಿಂದೆಯೇ ಹೋದೆ. ಅವಳನ್ನು ಕಂಡು ಕುಪ್ಪುಸ್ವಾಮಿ ತಲೆ ತಗ್ಗಿಸಿದ. ಅವನ ಬೆರಳುಗಳು ಬಿರಿದು ರಕ್ತ ಜಿನುಗುತ್ತಿತ್ತು. ಅಮ್ಮ ನೀರು ಸುರಿದು, ಕೈಯ ಮರಳೆಲ್ಲ ಹೋಗುವವರೆಗೂ ತೊಳೆಸಿದಳು. ಸೆರಗಿನಿಂದ ಒರೆಸಿ, ಅಪ್ಪನ ಎಲೆಯನ್ನು ಆ ಕೈಗಳ ಮೇಲಿಟ್ಟಳು.